ಮೇಸ್ತ್ರಿ ಹಾಕದ ಗೀಟು

ಟೈರು ಕೊಳ್ಳಲು ಬಂದವರನ್ನು ಅವರು ‘ಎಷ್ಟರಲ್ಲಿ ಬೇಕು’ ಎಂದು ಕೇಳಿದ್ದನ್ನು ನಾನು ಕಾಣೆ. ‘ಯಾವ ಗಾಡಿ’ ಎಂದೂ ಮೊದಲು ಕೇಳುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಂಡು, ಗಿರಾಕಿಯ ಮುಖ ಬಿಟ್ಟು ಅವನ ಗಾಡಿಯ ಹಿಂಭಾಗ ನೋಡುತ್ತ, “ಏನು ಎಳಿತೈತ್ರಿ ಇದು?” ಎನ್ನುತ್ತಿದ್ದರು. ಏನೂ ಎಳೆಯುವುದಿಲ್ಲ ಎಂದರೆ ಹತ್ತು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತಿತ್ತು. ಎಳೆಯುತ್ತದೆ ಎಂದರೆ ಮಾತು ಬೇರೆ. “ಹಂಗಾರ ಅದನ್ನೂ ಕಟ್ಟಿಕೊಂಡು ಬರ್ರಿ. ತುಂಬಿಕೊಂಡು ಬರ್ರಿ. ಟೈರಿನ ಮಾತು ಆಮ್ಯಾಲ.”

ರಾಯದುರ್ಗದಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಹೆಸರಿತ್ತು, ಇಲ್ಲಿ ಬರೆಯುವುದಿಲ್ಲ. ಇದರಲ್ಲಿ ಒಂದು ತಪ್ಪಿನ ಕಥೆ ಇದೆ. ಅವರ ಹೆಸರಿನ ಪಕ್ಕದಲ್ಲಿ ‘ತಪ್ಪು’ ಎಂಬ ಮಾತು ಇನ್ನೊಮ್ಮೆ ಕೂರುವುದು ನನಗೆ ಬೇಡ. ಕಳೆದ ತಿಂಗಳು ಹೋಗಿಬಿಟ್ಟರು ಎಂದು ಸುದ್ದಿ ಬಂತು. ಆವತ್ತಿನಿಂದ ನನ್ನ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿಕೊಳ್ಳುವ ಹಳೆಯ ಚಾಳಿ ಮತ್ತೆ ಶುರುವಾಗಿದೆ. ಬಟ್ಟೆಗೆ ಗುರುತು ಹಾಕುವ ಟೈಲರ್ ಚಾಕಿನ ಪುಡಿ ಉದುರಿಸಿಕೊಳ್ಳುವಾಗ ಹಾಗೆ ಮಾಡುತ್ತೇವೆ.

ನಾನು ಬಳ್ಳಾರಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳ ಕೈಯಲ್ಲಿ ಬೆಳೆದ ಹುಡುಗಿ, ಕರ್ಸಿವ್ ರೈಟಿಂಗಿಗೆ ಪ್ರೈಜು ತೆಗೆದುಕೊಂಡವಳು, ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಯಜಮಾನರು ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಮೂವತ್ತು ಹೊಲಿಗೆ ಮಷೀನಿನ ಒಂದು ಜೀನ್ಸ್ ಯುನಿಟ್ಟು, ಒಂದು ಪಿಕಪ್ ಗಾಡಿ, ಮತ್ತು ಟ್ರಾಲಿಯ ಮೇಲೆ ಕೂರಿಸಿದ ಆನೆಮರಿಯಂಥ ಜನರೇಟರು. ಆ ವರ್ಷಗಳಲ್ಲಿ ಊರಿನ ಯಾವ ಓಣಿಗೆ ಹೋದರೂ ಮಷೀನಿನ ಸದ್ದು. ಕರೆಂಟು ಹೋಯಿತೆಂದರೆ ಊರಿಗೆ ಊರೇ ಕಿವುಡಾದಂತೆ ಆಗುತ್ತಿತ್ತು. ಆಗ ನಮ್ಮ ಪಿಕಪ್ಪು ಜನರೇಟರನ್ನು ಎಳೆದುಕೊಂಡು ಒಂದು ಯುನಿಟ್ಟಿನಿಂದ ಇನ್ನೊಂದಕ್ಕೆ ಓಡುತ್ತಿತ್ತು.

ಮೊದಲ ಸಲ ಟೈರಿಗೆಂದು ಅವರ ಅಂಗಡಿಗೆ ಹೋದಾಗ ನನಗೆ ಸಿಟ್ಟೇ ಬಂದಿತ್ತು. ಕಲ್ಯಾಣದುರ್ಗದ ರಸ್ತೆಯಲ್ಲಿ ಊರು ಮುಗಿಯುವ ಕಡೆ, ಹುಣಸೆಮರದ ಕೆಳಗೆ ತಗಡಿನ ಅಂಗಡಿ. ಕೂರಲು ಒಂದು ಬೋರಲು ಹಾಕಿದ ಲಾರಿ ಚಕ್ರದ ಡಿಸ್ಕು. ಜನರೇಟರು ಕಟ್ಟಿಸಿದರು. “ಗಾಡ್ಯಾಗ ಮಂದಿ ಕುಂದರ್ತಾರೇನ್ರಿ?” ಎಂದರು. ಒಮ್ಮೊಮ್ಮೆ ಹೆಂಗಸರು ಕೂರುತ್ತಾರೆ ಎಂದೆ. “ಹಂಗಾರ ಕುಂದರ್ಸ್ರಿ.” ಯುನಿಟ್ಟಿನಿಂದ ಎಂಟು ಜನ ಹೆಂಗಸರನ್ನು ಕರೆಸಿ ಹತ್ತಿಸಿದೆ. ಅವರಿಗೋ ನಗು. “ನಮ್ಮನ್ನ ತೂಕಕ್ಕೆ ಹಾಕ್ತಾವ್ರೆ ಕಣ್ರೇ!” ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಮೇಸ್ತ್ರಿ ನಗಲಿಲ್ಲ. ಸುಣ್ಣದ ಕಡ್ಡಿಯಿಂದ ಪ್ರತಿ ಟೈರಿನ ಮೈಮೇಲೆ ಅಡ್ಡಲಾಗಿ ದಪ್ಪ ಗೆರೆ ಎಳೆದು, ಇಪ್ಪತ್ತು ಮಾರು ಗಾಡಿ ಓಡಿಸಿದರು. ಆಮೇಲೆ ಬಗ್ಗಿ ನೋಡಿದರು. ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಗಾಳಿ ಕಡಿಮೆ, ಇಲ್ಲವೇ ಟೈರಿಗೆ ತೂಕ ತಡೆಯುವ ಶಕ್ತಿ ಇಲ್ಲ. ಅಂಚಿನಿಂದ ಅಂಚಿಗೆ ಒಂದೇ ಸಮ ಅಳಿಸಿದ್ದರೆ ಸರಿ.

“ಏರಿನಾಗ ನೀವು ಜನರೇಟರ್ ಎಳೀತೀರ್ರಿ ಅಮ್ಮಾರ,” ಎಂದು ಆವತ್ತು ಹೇಳಿದರು. “ಇಳುಕಲಿನಾಗ ಅದು ನಿಮ್ಮನ್ನ ದಬ್ಬತೈತಿ. ಟೈರ್ ತಗೊಳ್ಳೋರು ಏರು ನೆನಸ್ಕೊಂಡು ತಗೋತಾರ. ನಾ ಇಳುಕಲು ನೆನಸ್ಕೊಂಡು ಕೊಡ್ತೀನಿ.”

ಎಲ್ಲ ಸರಿಯಾದ ಮೇಲೆ ಕೊನೆಯ ಕೆಲಸ. ಟೈರಿನ ಪಕ್ಕೆಯ ಮೇಲೆ, ಎಡಗೈಯಲ್ಲಿ, ಅದೇ ಸುಣ್ಣದ ಕಡ್ಡಿಯಿಂದ ಒಂದು ಸೊಟ್ಟ ಅರ್ಧವೃತ್ತ, ಅದರ ಕೆಳಗೆ ಒಂದು ಚುಕ್ಕೆ. ಅದೇ ಮೇಸ್ತ್ರಿ ಗೀಟು. ಮೊದಲ ಮಳೆಗೆ ಅಳಿಸಿಹೋಗುತ್ತಿತ್ತು. ಅಷ್ಟರಲ್ಲಿ ಟೈರು ತನ್ನ ಯೋಗ್ಯತೆ ತೋರಿಸಿರುತ್ತಿತ್ತು. ಕಣೇಕಲ್ಲಿನಿಂದ ಭತ್ತ ಹೇರುವ ಡ್ರೈವರುಗಳು ಆ ಗೀಟಿಲ್ಲದೆ ಹೊಸ ಟೈರಿನ ಮೇಲೆ ಊರು ಬಿಡುತ್ತಿರಲಿಲ್ಲ. ಡ್ರೈವರುಗಳ ಹೆಂಡಿರು, ಅಕ್ಕತಂಗಿಯರು ನಮ್ಮ ಯುನಿಟ್ಟುಗಳಲ್ಲಿ ಹೊಲಿಯುತ್ತಿದ್ದರು. ಅವರಿಂದ ಈ ಮಾತು ಹೆಂಗಸರಿಗೂ ಹಬ್ಬಿತ್ತು. ಯಾವ ಗಾಡಿ ಹತ್ತುವ ಮುಂಚೆಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮೊದಲು ಚಕ್ರ ನೋಡುತ್ತಿದ್ದರು. ನನಗೆ ಇದೊಂದು ಸೂಪರ್‌ಸ್ಟಿಷನ್ ಎನ್ನಿಸುತ್ತಿತ್ತು.

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು. ಟೈರಿನ ಪಕ್ಕೆಯಲ್ಲಿ ಉಬ್ಬಿಸಿರುವ ಅಕ್ಷರಗಳನ್ನೆಲ್ಲ ಬಿಟ್ಟು ಅಂಕಿಗಳ ಮೇಲೆ ಮಾತ್ರ ಬೆರಳಾಡಿಸುತ್ತಿದ್ದರು. ಓಡಿಬಂದ ಗಾಡಿಯ ಟೈರಿನ ಮೇಲೆ ಅಂಗೈ ಇಟ್ಟು ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದರು. ಹತ್ತರ ಒಳಗೆ ಬಿಸಿ ತಾಳದೆ ಕೈ ತೆಗೆದರೆ ಡ್ರೈವರನ ಮುಖ ಬಾಡುತ್ತಿತ್ತು. ಜಾಸ್ತಿ ಮಾತಿಲ್ಲ, ಚೌಕಾಸಿಯಿಲ್ಲ. ಎದುರು ಮಾತಾಡಿದವರಿಗೆ ಕೊಡುತ್ತಿದ್ದ ಉತ್ತರ ಒಂದೇ. ಎದ್ದು ಒಳಗೆ ಹೋಗಿಬಿಡುವುದು.

ಈಗ ಆ ಭಾನುವಾರಕ್ಕೆ ಬರುತ್ತೇನೆ.

ನಮ್ಮಲ್ಲಿ ಹೊಲಿಯುತ್ತಿದ್ದವರಲ್ಲಿ ಹದಿನಾಲ್ಕು ಜನ ಮಡಕಶಿರಾ ಕಡೆಯವರು, ಅಗಳಿ ಅಮರಾಪುರದ ಸುತ್ತಿನ ಹಳ್ಳಿಗಳವರು. ಬಾಡಿಗೆ ರೂಮುಗಳಲ್ಲಿ ಐದಾರು ಜನ ಸೇರಿ ಇರುತ್ತಿದ್ದರು. ಆ ಹಳ್ಳಿಗಳಲ್ಲಿ ಆಗ ಬೆಂಗಳೂರಿನ ಗಾರ್ಮೆಂಟ್ಸಿಗೆ ಜನ ಸೇರಿಸುವ ಏಜೆಂಟರು ಓಡಾಡುತ್ತಿದ್ದರು. ನಾನು ಆ ಹೆಂಗಸರಿಗೆ ಒಂದು ಮಾತು ಕೊಟ್ಟಿದ್ದೆ. ಮಡಕಶಿರಾದಲ್ಲೇ ಒಂದು ಸಣ್ಣ ಯುನಿಟ್ಟು ಹಾಕುತ್ತೇನೆ, ಸಂಜೆ ನಿಮ್ಮ ನಿಮ್ಮ ಮನೆಗೆ ಹೋಗುವಿರಂತೆ, ಬೆಂಗಳೂರಿನ ಮಾತು ಬೇಡ. ಶೆಡ್ಡು ಗೊತ್ತಾಯಿತು, ಮಷೀನುಗಳು ಲಾರಿಯಲ್ಲಿ ಹೋದವು. ಆರ್ಡರು ಕೊಡುವ ಪಾರ್ಟಿಯವರು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಷನ್ನಿಗೆ ಬರುವವರಿದ್ದರು. ಅಷ್ಟು ಹೊತ್ತಿಗೆ ಜನರೇಟರು ಓಡುತ್ತಿರಬೇಕು, ಹದಿನಾಲ್ಕು ಜನ ಮಷೀನಿನ ಮುಂದೆ ಕೂತಿರಬೇಕು. ಇಲ್ಲದಿದ್ದರೆ ಆರ್ಡರಿಲ್ಲ. ಆರ್ಡರಿಲ್ಲದಿದ್ದರೆ ಆ ಹದಿನಾಲ್ಕು ಜನ ಮಂಗಳವಾರವೇ ಏಜೆಂಟರ ಹಿಂದೆ ಬಸ್ಸು ಹತ್ತುತ್ತಾರೆ.

ಪಿಕಪ್ಪಿನ ನಾಲ್ಕೂ ಟೈರುಗಳು ಸವೆದು ಒಳಗಿನ ನೂಲು ಕಾಣುತ್ತಿತ್ತು. ಮೇಸ್ತ್ರಿ ಅನಂತಪುರಕ್ಕೆ ಹೇಳಿ ನಾಲ್ಕು ಟೈರು ತರಿಸುತ್ತಿದ್ದರು. ಭಾನುವಾರ ನಾಲ್ಕು ಗಂಟೆಯ ಬಸ್ಸಿನ ಟಾಪಿನ ಮೇಲೆ ಬರಬೇಕಿತ್ತು. ನನಗೆ ಧೈರ್ಯವಿಲ್ಲ. ಬಸ್ಸು ತಪ್ಪಿದರೆ? ಶನಿವಾರ ಜಿಪ್ಪು, ಗುಂಡಿ ತರಲು ಬಳ್ಳಾರಿಗೆ ಹೋದವಳು ಒಂದು ದೊಡ್ಡ ಟೈರ್ ಶೋರೂಮಿನ ಮುಂದೆ ನಿಂತೆ. ಟೈ ಕಟ್ಟಿಕೊಂಡ ಹುಡುಗ ‘ಸೇಮ್ ಸೈಜ್ ಮೇಡಂ, ಬೆಟರ್ ರೈಡ್’ ಎಂದು ಇಂಗ್ಲಿಷಿನಲ್ಲಿ ಮಾತಾಡಿದ. ರಾಯದುರ್ಗದಲ್ಲಿ ನನ್ನೊಡನೆ ಇಂಗ್ಲಿಷ್ ಮಾತಾಡುವವರು ಯಾರಿದ್ದರು? ಐ ವಾಸ್ ಫ್ಲಾಟರ್ಡ್. ಟೈರಿನ ಮೇಲಿನ ಸೈಜನ್ನು ನಾನೇ ಓದಿ, ನಮ್ಮ ಹಳೆಯದರ ಚೀಟಿಯೊಂದಿಗೆ ತಾಳೆ ನೋಡಿದೆ. ಕರೆಕ್ಟಾಗಿತ್ತು. ನಾಲ್ಕನ್ನೂ ಕೊಂಡೆ.

ಅದೇ ಸಂಜೆ ಮೇಸ್ತ್ರಿ ಅಂಗಡಿಯ ಮುಂದೆ ಇಳಿಸಿದೆ. ಅವರು ಒಂದನ್ನು ಎತ್ತಿ ನಿಲ್ಲಿಸಿ, ಪಕ್ಕೆಗೆ ಮೊಣಕಾಲು ಕೊಟ್ಟು ಒತ್ತಿದರು. ಮೆತ್ತಗೆ ಒಳಗೆ ಹೋಯಿತು. ಅಂಕಿಗಳ ಮೇಲೆ ಬೆರಳಾಡಿಸಿದರು.

“ಚೆಂದ ಅದಾವ್ರಿ,” ಎಂದರು. “ಕಾರಿಗೆ.”

“ಸೈಜು ಅದೇ ಅಲ್ವಾ ಮೇಸ್ತ್ರಿ? ನಾನೇ ಓದಿ ನೋಡ್ದೆ.”

“ಊರ ಹೆಸರು ಓದೀರಿ. ಮನಿ ನಂಬರ್ ಓದಿಲ್ಲ.” ಸೈಜಿನ ಪಕ್ಕದಲ್ಲಿದ್ದ ಸಣ್ಣ ಅಂಕಿಯನ್ನು ತೋರಿಸಿದರು. “ಎಷ್ಟು ತೂಕ ತಡೀತೈತಿ ಅನ್ನೋದು ಇಲ್ಲಿರ್ತೈತಿ. ಇವಕ್ಕ ಒಳಗ ನಾಕು ಪದರ. ನಿಮಗ ಬೇಕಾಗಿದ್ದು ಎಂಟು. ಜೀನ್ಸ್ ಹೊಲ್ಯೋರಿಗೆ ನಾ ಹೇಳಬೇಕೇನ್ರಿ ಅಮ್ಮಾರ? ಪಾಪ್ಲಿನ್‌ನಾಗ ಗೋಣಿಚೀಲ ಹೊಲೀತೀರೇನು?”

“ಒಂದೇ ಒಂದು ಟ್ರಿಪ್ಪು ಮೇಸ್ತ್ರಿ. ಮಡಕಶಿರಾ ಮುಟ್ಟಿದ್ರೆ ಸಾಕು. ಒಡೆದೇ ಬಿಡುತ್ತೆ ಅಂತ ಏನು ಗ್ಯಾರಂಟಿ?”

“ಒಡೀಬಹುದು, ಒಡೀದೇ ಇರಬಹುದು. ಗೊತ್ತಿಲ್ಲ. ಗೊತ್ತಿಲ್ಲದ ಟೈರಿನ ಮ್ಯಾಲ ಹದಿನಾಕು ಮಂದಿ ಹೆಣ್ಮಕ್ಕಳನ್ನ ನಾ ಕುಂದರ್ಸಂಗಿಲ್ಲ. ಹಿಂದ ಜನರೇಟರ್ ಬ್ಯಾರೆ ದಬ್ಬತಿರ್ತೈತಿ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಎದ್ದು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಪಕ್ಕದ ಇನ್ನೊಂದು ಪಂಚರ್ ಅಂಗಡಿಯಲ್ಲಿ ಬಳ್ಳಾರಿಯ ಟೈರುಗಳನ್ನು ಹಾಕಿಸಿದೆ. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಹನ್ನೊಂದರ ಸುಮಾರಿಗೆ ಹೆಂಗಸರು ಗಂಟು, ಸ್ಟವ್ವು, ಬಿಂದಿಗೆಗಳೊಂದಿಗೆ ಯುನಿಟ್ಟಿನ ಮುಂದೆ ಸೇರಿದರು. ಅವರ ಮುಂದಾಳು ಅಗಳಿ ಕಡೆಯ ಹನುಮಕ್ಕ, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಸೆರಗು ಸಿಕ್ಕಿಸಿ ಬಗ್ಗಿ ನೋಡಿದಳು.

“ಅಮ್ಮಯ್ಯ, ಒಸ ಟೈರು ಮಿರಮಿರ ಅಂತಾವೆ. ಮೇಸ್ತ್ರಿ ಗೀಟು ಎಲ್ಲೈತೆ?”

“ಹಾಕ್ತಾರೆ ಹನುಮಕ್ಕ, ಈಗ ಬಂದು ಹಾಕ್ತಾರೆ. ನೀವು ಟೀ ಕುಡಿದು ಬನ್ನಿ.”

“ಗೀಟಿಲ್ದೆ ನಾವು ಅತ್ತಲ್ಲಪ್ಪ. ಮನೇಲಿ ಮಕ್ಳವೆ.”

ಅವರು ಎದುರಿನ ಹೋಟೆಲಿಗೆ ಹೋದರು. ಗಂಟೆ ಹನ್ನೊಂದೂವರೆ. ನನ್ನ ಬ್ಲೌಸಿನ ಒಳಗೆ, ಯಾವಾಗಲೂ ಇರುವಂತೆ, ಟೈಲರ್ ಚಾಕಿನ ಬಿಲ್ಲೆ ಇತ್ತು. ನಾನು ಒಂದೊಂದೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಒಂದು ಅರ್ಧವೃತ್ತ, ಕೆಳಗೆ ಒಂದು ಚುಕ್ಕೆ. ಡ್ರಾಯಿಂಗ್ ಕ್ಲಾಸಿನಲ್ಲಿ ಸಿಸ್ಟರ್ ಕಂಪಾಸಿಲ್ಲದೆ ಸರ್ಕಲ್ ಬಿಡಿಸುವುದನ್ನು ಕಲಿಸಿದ್ದರು. ನನ್ನ ಕೈ ನಡುಗಲಿಲ್ಲ. ಅದೇ ಈಗ ನೆನೆದರೆ ಹೆದರಿಕೆಯಾಗುವ ಸಂಗತಿ. ನಾಲ್ಕನೆಯದನ್ನು ಮುಗಿಸಿ ಎದ್ದಾಗ ಡ್ರೈವರ್ ತಿಪ್ಪೇಸ್ವಾಮಿ ಬಾನೆಟ್ಟಿನ ಹತ್ತಿರ ನಿಂತಿದ್ದ. ನೋಡಿದ್ದ. ನಾನು ಸಂಬಳ ಕೊಡುವವಳು. ಅವನು ಹೋಗಿ ಸ್ಟೇರಿಂಗಿನ ಮುಂದೆ ಕೂತ.

ಹನುಮಕ್ಕ ಬಂದಳು, ಬಗ್ಗಿದಳು, ಗೀಟು ನೋಡಿದಳು. “ಬಂದು ಓದ್ರಾ? ಸರಿ, ಅತ್ರೇ ಎಲ್ಲ!”

ಹದಿನಾಲ್ಕು ಜನ ಹತ್ತಿದರು. ಹತ್ತುತ್ತ ಹತ್ತುತ್ತ ಗಾಡಿಯ ಹಿಂಭಾಗ ಕುಗ್ಗುವುದನ್ನು ನಾನು ನೋಡುತ್ತಿದ್ದೆ. ಹನುಮಕ್ಕ ಒಬ್ಬಳ ಮಗುವನ್ನು ಮಡಿಲಿಗೆ ಎಳೆದುಕೊಂಡಳು. ನಾನು ಮುಂದೆ ಕೂತೆ. ಚಾಕಿನ ಪುಡಿ ಇನ್ನೂ ಬೆರಳಿಗೆ ಮೆತ್ತಿಕೊಂಡಿತ್ತು. ಮಡಕಶಿರಾಕ್ಕೆ ಕಲ್ಯಾಣದುರ್ಗದ ರಸ್ತೆಯಲ್ಲೇ ಹೋಗಬೇಕು. ಆ ಹುಣಸೆಮರವನ್ನು ದಾಟಲೇಬೇಕು. ಇನ್ನೊಂದು ದಾರಿ ಇದೆಯೇ ಎಂದು ತಿಪ್ಪೇಸ್ವಾಮಿಯನ್ನು ಕೇಳಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ, “ಇಲ್ರಿ,” ಎಂದ.

ಮೇಸ್ತ್ರಿ ಬೋರಲು ಡಿಸ್ಕಿನ ಮೇಲೆ ಕೂತು ಟ್ಯೂಬು ಉಜ್ಜುತ್ತಿದ್ದರು. ಅಂಗಡಿಯ ಮುಂದೆ ಗಾಡಿ ನಿಧಾನವಾಯಿತು. ರಸ್ತೆಯ ಗುಂಡಿಗೋ, ತಿಪ್ಪೇಸ್ವಾಮಿ ಬೇಕೆಂದೇ ಮಾಡಿದನೋ, ನಾನು ಯಾವತ್ತೂ ಕೇಳಲಿಲ್ಲ. ಅವರು ತಲೆಯೆತ್ತಿ ಚಕ್ರ ನೋಡಿದರು. ಎದ್ದು ಬಂದು ರಸ್ತೆಯ ನಡುವೆ ನಿಂತರು.

ಗಾಡಿ ನಿಂತಿತು. ನಾನು ಇಳಿದೆ. ಅವರು ಹಿಂದಿನ ಚಕ್ರದ ಹತ್ತಿರ ಬಗ್ಗಿ ಆ ಗೀಟನ್ನು ಬಹಳ ಹೊತ್ತು ನೋಡಿದರು. ಹೆಬ್ಬೆರಳಿನಿಂದ ಅದರ ತೆಳ್ಳಗಿನ ಅಂಚನ್ನು ಮುಟ್ಟಿದರು. ಆಮೇಲೆ ನನ್ನ ಮುಖ ನೋಡಲಿಲ್ಲ, ನನ್ನ ಬಲಗೈ ನೋಡಿದರು. ಮೇಲೆ ಹದಿನಾಲ್ಕು ಮುಖಗಳು ಬಗ್ಗಿದ್ದವು. ಅವರು ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಹೆಂಗಸರು ಇಳಿದು ಹೋಗುತ್ತಿದ್ದರು. ಮಡಕಶಿರಾದ ಯುನಿಟ್ಟು ಆ ಹುಣಸೆಮರದ ಕೆಳಗೇ ಮುಗಿಯುತ್ತಿತ್ತು.

“ಏನಾತು ಮೇಸ್ತ್ರಿ?” ಹನುಮಕ್ಕ ಮೇಲಿಂದ ಕೂಗಿದಳು. “ನಿಮ್ ಗೀಟು ಐತಲ್ಲ!”

ಅವರು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದರು.

“ಐತವ್ವ. ಆದ್ರ ತಪ್ಪಾಗೈತಿ. ನನ್ ಲೆಕ್ಕ ತಪ್ಪೈತಿ. ಇವು ಬ್ಯಾಡ. ಇಳೀರಿ.”

“ನಿಮ್ಮದು ತಪ್ಪಾಗಾದು ಅಂದ್ರೇನು? ನಿಮ್ ಗೀಟು ನೋಡಿ ತಾನೆ ನಾವು ಅತ್ತಿದ್ದು? ನಮ್ ಜೀವ ಅಂದ್ರೆ ಆಟ ಆಗೋಯ್ತಾ ನಿಮ್ಗೆ? ವಯಸ್ಸಾಯ್ತು, ಕಣ್ ಕಾಣಲ್ಲ ಅಂದ್ರೆ ಅಂಗಡಿ ಮುಚ್ಕೊಂಡು ಮನೇಲಿರಿ!”

“ಹೌದವ್ವ,” ಎಂದರು ಅವರು.

ಬೇರೆ ಹೆಂಗಸರೂ ಸೇರಿಕೊಂಡರು. ಒಬ್ಬಳು ತೆಲುಗಿನಲ್ಲಿ ಶಾಪ ಹಾಕಿದಳು. ಎದುರಾಡಿದವರಿಗೆ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದ ಮನುಷ್ಯ ಆವತ್ತು ಅಲ್ಲೇ ನಿಂತು, ಎಲ್ಲರ ಮಾತು ಮುಗಿಯುವ ತನಕ ಕೇಳಿಸಿಕೊಂಡರು. ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಲಿಲ್ಲ. ಕಾನ್ವೆಂಟಿನಲ್ಲಿ ‘ಸಾರಿ’ ಹೇಳುವುದನ್ನು ಮೊದಲನೆಯ ಕ್ಲಾಸಿನಲ್ಲೇ ಕಲಿಸುತ್ತಾರೆ.

ನನ್ನ ಹತ್ತಿರ ಬಂದಾಗ ಅವರು ಅಂಗೈ ಚಾಚಿದರು. “ಚಾಕ್ ಕೊಡ್ರಿ,” ಎಂದರು ಮೆಲ್ಲಗೆ. ಕೊಟ್ಟೆ. ಅಂಗಿಯ ಜೇಬಿಗೆ ಹಾಕಿಕೊಂಡು ಜಾಕಿ ತರಲು ಹೋದರು.

ಅನಂತಪುರದ ಬಸ್ಸು ಬರಲು ಇನ್ನೂ ನಾಲ್ಕು ತಾಸು. ಹೆಂಗಸರು ಮರದ ಕೆಳಗೆ ಗಂಟು ಬಿಚ್ಚಿ ಕೂತರು. ಮೇಸ್ತ್ರಿ ಒಂದೊಂದೇ ಚಕ್ರ ಬಿಚ್ಚಿ ಬಳ್ಳಾರಿಯ ಟೈರುಗಳನ್ನು ಕಳಚಿ ಗೋಡೆಗೆ ಒರಗಿಸಿದರು. ನಾನು ನಿಮಿಷಕ್ಕೊಮ್ಮೆ ವಾಚು ನೋಡುತ್ತಿದ್ದೆ. ನಾಲ್ಕಾಯಿತು, ಬಸ್ಸಿಲ್ಲ. ನಾಲ್ಕೂಕಾಲು. ಹನುಮಕ್ಕ ನನ್ನ ಹತ್ತಿರ ಬಂದು, “ಅಮ್ಮಯ್ಯ, ನೀವೇನ್ ಮಾಡ್ತೀರ, ಆ ಮುದುಕ ಮಾಡಿದ್ಕೆ. ನಾಳಿಕ್ ಆಗ್ದಿದ್ರೂ ನಾವು ನಿಮ್ನ ಬಿಟ್ಟೋಗಲ್ಲ,” ಎಂದಳು. ಆ ಸಮಾಧಾನದ ಮಾತು ನನಗೆ ಚಡಿಯೇಟಿನಂತೆ ಬಿತ್ತು. ಮೇಸ್ತ್ರಿ ಕೇಳಿಸಿಕೊಂಡರು. ಕತ್ತೆತ್ತಲಿಲ್ಲ.

ನಾಲ್ಕೂವರೆಗೆ ಬಸ್ಸು ಬಂತು. ಟಾಪಿನ ಮೇಲೆ ನಾಲ್ಕು ಟೈರು. ಹಾಕಿದರು, ಹೆಂಗಸರನ್ನು ಹತ್ತಿಸಿದರು, ಸುಣ್ಣದ ಗೆರೆ ಎಳೆದು ಇಪ್ಪತ್ತು ಮಾರು ಓಡಿಸಿದರು. ಅಂಚಿನಿಂದ ಅಂಚಿಗೆ ಒಂದೇ ಸಮ ಅಳಿಸಿತ್ತು. ಹನುಮಕ್ಕ ಗೀಟಿಗಾಗಿ ಕಾದಳು. ಅವರು ಹಾಕಲಿಲ್ಲ. “ಹೋಗ್ರಿ, ಆತು,” ಎಂದು ತಿಪ್ಪೇಸ್ವಾಮಿಯ ಬಾಗಿಲು ತಟ್ಟಿದರು. ಬೈದು ಬೈದು ಸುಸ್ತಾಗಿದ್ದ ಹೆಂಗಸರು ಈ ಸಲ ಏನೂ ಅನ್ನಲಿಲ್ಲ.

ಕಲ್ಯಾಣದುರ್ಗ ದಾಟಿದ ಮೇಲೆ ಒಂದು ಉದ್ದನೆಯ ಇಳುಕಲು. ಜನರೇಟರು ಹಿಂದಿನಿಂದ ದಬ್ಬಿದ್ದು ನನ್ನ ಬೆನ್ನಿಗೇ ತಾಗಿದಂತಾಯಿತು. ಗಾಡಿ ಒಂದು ಗೇಣೂ ಅತ್ತಿತ್ತ ಆಡಲಿಲ್ಲ. ಹಿಂದೆ ಹೆಂಗಸರು ಹಾಡುತ್ತಿದ್ದರು.

ಹತ್ತಕ್ಕೆ ಬರಬೇಕಿದ್ದ ಪಾರ್ಟಿಯವರು ಸೋಮವಾರ ಮಧ್ಯಾಹ್ನ ಎರಡಕ್ಕೆ ಬಂದರು. ಆರ್ಡರು ಸಿಕ್ಕಿತು. ಯುನಿಟ್ಟು ಒಂಬತ್ತು ವರ್ಷ ನಡೆಯಿತು.

ಮುಂದಿನ ವಾರ ಒಬ್ಬಳೇ ಅವರ ಅಂಗಡಿಗೆ ಹೋದೆ. “ನಾನು ಅವರಿಗೆಲ್ಲ ನಿಜ ಹೇಳಿಬಿಡ್ತೀನಿ ಮೇಸ್ತ್ರಿ,” ಎಂದೆ.

“ಯಾಕ? ನಿಮ್ಮ ಎದಿ ಹಗುರ ಆಗ್ಲಿ ಅಂತೇನ್ರಿ?” ಅವರ ಸಿಟ್ಟು ನಾನು ಕಂಡದ್ದು ಅದೊಂದೇ ಸಲ. ಕೈಯಲ್ಲಿದ್ದ, ಟೈರು ಬಿಚ್ಚುವ ಕಬ್ಬಿಣದ ಪಟ್ಟಿಯನ್ನು ಕೆಳಗೆ ಹಾಕಿದರು. “ನಿಮ್ಮ ಮಾತು ನಂಬಿ ಅವ್ರು ಅಲ್ಲಿ ಮಷೀನ್ ಮುಂದ ಕುಂತಾರ. ಈಗ ಹೇಳಿದ್ರ ನಾಳೆ ಬೆಂಗ್ಳೂರ ಬಸ್ ಹತ್ತತಾರ. ನನ್ನ ಬೈದಿದ್ದು ಬೈದಾಗೇತಿ. ಅವ್ರ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ.” ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡು, “ಅವ್ರಿಗೆ ಮಾತ್ರ ಇನ್ನೊಂದ್ಸಲ ಸುಳ್ಳು ಹೇಳಬ್ಯಾಡ್ರಿ,” ಎಂದರು.

ಮೇಸ್ತ್ರಿ ಗೀಟೂ ತಪ್ಪುತ್ತದೆ ಎಂಬ ಮಾತು ಊರಲ್ಲಿ ಓಡಾಡಿತು. ಡ್ರೈವರುಗಳು ಅಂಗಡಿಯ ಮುಂದೆ ನಿಂತು, “ಏನ್ರಿ ಮೇಸ್ತ್ರಿ, ಇವತ್ತು ಕಣ್ಣು ಕಾಣ್ತಾವೇನ್ರಿ?” ಎಂದು ತಮಾಷೆ ಮಾಡುವುದನ್ನು ನಾನೇ ಕೇಳಿದ್ದೇನೆ. ಕೆಲವರು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗತೊಡಗಿದರು. ಮೇಸ್ತ್ರಿ ಸುಣ್ಣದ ಗೆರೆ ಎಳೆದು ನೋಡುವುದನ್ನು ಬಿಡಲಿಲ್ಲ, ಅಂಗೈಯಿಟ್ಟು ಎಣಿಸುವುದನ್ನು ಬಿಡಲಿಲ್ಲ. ಗೀಟು ಹಾಕುವುದನ್ನು ಮಾತ್ರ ಆ ಭಾನುವಾರದಿಂದ ಬಿಟ್ಟರು. ಯಾಕೆಂದು ಜನ ಕೇಳಿದರೆ ನಕ್ಕು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು. ನನಗೆ ಒಮ್ಮೆ ಹೇಳಿದರು. “ಅದನ್ನ ಯಾರು ಬೇಕಾದ್ರೂ ಹಾಕಬಹುದು ಅಂತ ಗೊತ್ತಾತಲ್ರಿ.”

ಬಳ್ಳಾರಿಯ ಆ ನಾಲ್ಕು ಟೈರುಗಳನ್ನು ಆಮೇಲೆ ಯಾರದೋ ಕಾರಿಗೆ ಮಾರಿದೆ. ಬಹಳ ದಿನ ಬಂದವಂತೆ. ಆವತ್ತು ಅವು ಒಡೆಯುತ್ತಿದ್ದವೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟೋ ಸಲ ನನ್ನ ಪರವಾಗಿ ನಾನೇ ವಾದ ಮಾಡಿ, ಒಡೆಯುತ್ತಿರಲಿಲ್ಲ ಎಂದು ಗೆದ್ದಿದ್ದೇನೆ. ಗೆದ್ದ ಮೇಲೂ ಆ ಕುಗ್ಗಿದ ಗಾಡಿ, ಹನುಮಕ್ಕನ ಮಡಿಲಿನ ಮಗು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಅವರು ಹೋದ ಸುದ್ದಿ ಬಂದ ದಿನ ಹನುಮಕ್ಕನಿಗೆ ಫೋನ್ ಮಾಡಿದೆ. ಈಗ ಅವಳಿಗೂ ಮೊಮ್ಮಕ್ಕಳು. ಯುನಿಟ್ಟು ಮುಚ್ಚಿ ಎಷ್ಟೋ ಕಾಲವಾಗಿದೆ, ನಿಜ ಕೇಳಿ ಬೆಂಗಳೂರಿನ ಬಸ್ಸು ಹತ್ತುವವರೂ ಈಗ ಯಾರೂ ಉಳಿದಿಲ್ಲ.

“ಅಯ್ಯೋ, ಓದ್ರಾ?” ಎಂದಳು. “ಒಳ್ಳೆ ಮನ್ಸ ಕಣಮ್ಮ. ಒಂದೇ ಒಂದು ದಪ ತಪ್ಪಿದ್ದು. ಅದೂ ನಮ್ ಗಾಡೀಗೆ.”

ನಾನು ಹೇಳಿದೆ. ಚಾಕಿನಿಂದ ಹಿಡಿದು ಕೊನೆಯ ತನಕ, ಏನೂ ಬಿಡದೆ. ಹೇಳಿ ಮುಗಿಸಿದ ಮೇಲೆ ಅವಳ ಹಿತ್ತಿಲಲ್ಲಿ ಕುರಿಮರಿ ಕೂಗುವುದು ಕೇಳಿಸುತ್ತಿತ್ತು. ಬೈಯುತ್ತಾಳೆ ಎಂದುಕೊಂಡೆ. ಬೈದರೆ ಎಷ್ಟೋ ಚೆನ್ನಾಗಿರುತ್ತಿತ್ತು.

“ಅಂಗಾದ್ರೆ ಅವತ್ತು ನಾನು ಅವರ್ನ ಅಂದಿದ್ದೆಲ್ಲ...” ಎಂದಳು ಹನುಮಕ್ಕ. “ಅದನ್ನ ಈಗ ಯಾರತ್ರ ಓಗಿ ವಾಪಸ್ ತಗಳ್ಲಮ್ಮಯ್ಯ?”